ಕಾರಿನ ದೀಪಕ್ಕೆ ದೋಣಿಯ ರಾಳ

ಸೊಸೆ ಕಾರು ತಂದ ದಿನ ನಮ್ಮ ಕೇರಿಯವರು ಕಾರು ನೋಡಲು ಬರಲಿಲ್ಲ, ಅದನ್ನು ಓಡಿಸಿಕೊಂಡು ಬಂದವಳನ್ನು ನೋಡಲು ಬಂದರು. ಕಾರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಯಾರೋ ವರ್ಷಗಟ್ಟಲೆ ಓಡಿಸಿ ಸಾಕಾಗಿ ಮಾರಿದ ಸಣ್ಣ ಬಿಳಿ ಕಾರು. ಬಾಗಿಲು ಮುಚ್ಚಬೇಕಾದರೆ ಎರಡೆರಡು ಸಲ ಬಡಿಯಬೇಕು. ಆದರೆ ಅವರ್ಸಾದಲ್ಲಿ ನಮ್ಮ ಕೇರಿಯಲ್ಲಿ ಸ್ಟೇರಿಂಗ್ ಹಿಂದೆ ಹೆಂಗಸು ಕೂತದ್ದು ಅದೇ ಮೊದಲು.

"ಅಕ್ಕಾ, ನಿನ್ ಸೊಸಿಗೆ ಬ್ರೇಕ್ ಯಾವ್ದು ಅಂತ ಗೊತ್ತಿದ್ಯೇ?" ಎಂದು ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ಕೇಳಿದಳು.

"ಅವ್ಳಿಗೆ ಗೊತ್ತಿದೆ. ನಿನ್ ಬಾಯಿಗೆ ಬ್ರೇಕ್ ಎಲ್ಲಿದೆ ಅಂತ ನಂಗೇ ಇನ್ನೂ ಗೊತ್ತಾಗ್ಲಿಲ್ಲ" ಎಂದೆ.

ಸೊಸೆ ಕಾರವಾರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಲಿಗೆ ಬಂದದ್ದು ಮಧ್ಯಾಹ್ನದ ಪಾಳಿ. ಹೋಗುವುದಕ್ಕೆ ಬೇಕಾದಷ್ಟು ಬಸ್ಸು, ಬರುವುದಕ್ಕೆ ಇಲ್ಲ. ಕತ್ತಲಾದ ಮೇಲೆ ದೂರದೂರಿನ ಬಸ್ಸುಗಳು ಅವರ್ಸಾ ಎಂಬ ಊರೇ ಇಲ್ಲ ಎನ್ನುವ ಹಾಗೆ ಹೋಗುತ್ತವೆ. ಅವಳು ಮನೆ ಮುಟ್ಟುವಷ್ಟರಲ್ಲಿ ಮಕ್ಕಳು ಮಲಗಿ ಬಾಯಿ ತೆರೆದುಕೊಂಡಿರುತ್ತಿದ್ದವು. ಅದಕ್ಕೇ ತನ್ನ ಸಂಬಳದಲ್ಲಿ ಕಾರು ತಂದಳು. ಕಾರಿದ್ದರೆ ನೌಕರಿ. ಇಲ್ಲದಿದ್ದರೆ ನೌಕರಿ ಬಿಟ್ಟು ಮನೆಯಲ್ಲಿ ನನ್ನ ಮುಖ ನೋಡುತ್ತ ಕೂರಬೇಕು. ನನ್ನ ಮುಖ ನನಗೇ ಬೇಜಾರು, ಇನ್ನು ಅವಳಿಗೆ ಕೇಳಬೇಕೇ.

ನನ್ನ ಸ್ವಾರ್ಥವೂ ಇತ್ತು. ರಜೆಯ ದಿನ ಅವಳು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಂಕೋಲೆಯ ಮೀನುಪೇಟೆಗೆ ಕರೆದೊಯ್ಯುತ್ತಿದ್ದಳು. ಬಸ್ಸಿನಲ್ಲಿ ಮೀನಿನ ಚೀಲ ಹಿಡಿದು ನಿಂತರೆ ಕಂಡಕ್ಟರ್ ಮೂಗು ಮುರಿಯುತ್ತಾನೆ, ಆಮೇಲೆ ಯಾವ ಮೀನು, ಎಷ್ಟಕ್ಕೆ ಸಿಕ್ಕಿತು ಎಂದೂ ಕೇಳುತ್ತಾನೆ. ಕಾರಿನಲ್ಲಿ ಆ ರಗಳೆ ಇಲ್ಲ.

ಬೇಸಿಗೆಯೆಲ್ಲ ಸುಖವಾಗಿ ಹೋಯಿತು. ಮಳೆ ಹಿಡಿಯಿತು ನೋಡಿ, ಕಾರಿನ ಕಣ್ಣಿಗೆ ರೋಗ ಬಂತು.

ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿಗೆ, ಚಾಪೆಗೆ, ಬೆಲ್ಲದ ಡಬ್ಬಿಗೆ, ಗೋಡೆಯ ಮೇಲಿನ ನನ್ನ ಗಂಡನ ಫೋಟೋಕ್ಕೆ. ಬದುಕಿದ್ದಾಗ ಒಂದು ದಿನ ಗಡ್ಡ ಬಿಡದ ಮನುಷ್ಯ ಈಗ ಪ್ರತಿ ಮಳೆಗಾಲಕ್ಕೂ ಫೋಟೋದೊಳಗೆ ಗಡ್ಡ ಬಿಡುತ್ತಾನೆ. ಚೌತಿಯ ಮುಂಚೆ ನಾನು ಒರೆಸಿ ಬೋಳಿಸುತ್ತೇನೆ. ಹಾಗಾಗಿ ಕಾರಿನ ದೀಪದ ಸುತ್ತಲಿನ ರಬ್ಬರಿಗೆ ಹಸಿರು-ಕಪ್ಪು ಬೂಷ್ಟು ಕೂತಾಗ ನನಗೆ ಆಶ್ಚರ್ಯವಾಗಲಿಲ್ಲ. ತೆಂಗಿನ ನಾರು, ಒಲೆಯ ಬೂದಿ ಹಿಡಿದು ಹೊರಟೆ. ಹಿತ್ತಾಳೆಯ ದೀಪ ಉಜ್ಜಿದ ಕೈ ಇದು, ಕಾರಿನ ದೀಪ ಎಷ್ಟರದು?

"ಅತ್ತೆ! ಅತ್ತೆ! ಅದಕ್ಕೆ ಬೂದಿ ಹಾಕ್ಬೇಡಿ!" ಎಂದು ಸೊಸೆ ಬಚ್ಚಲಿನಿಂದ ಅರ್ಧ ತಲೆ ತೊಳೆದುಕೊಂಡೇ ಓಡಿ ಬಂದಳು.

"ಯಾಕೆ? ಅದ್ರ ಮೈ ಉರೀತದ್ಯಾ?"

"ಗಾಜಿಗೆ ಗೆರೆ ಬೀಳ್ತದೆ. ಹಳೇ ಹಲ್ಲುಜ್ಜೂ ಬ್ರಶ್ ತಗೊಳ್ಳಿ, ಸೋಪಿನ ನೀರು ತಗೊಳ್ಳಿ."

ಸೋಪಿನ ನೀರು, ಬ್ರಶ್ಶು ಹಿಡಿದು ಇಬ್ಬರೂ ಒಂದೊಂದು ದೀಪದ ಮುಂದೆ ಕೂತೆವು. ರಬ್ಬರಿನ ಸಂದಿಯಲ್ಲಿ ಬೂಷ್ಟಿನ ಜೊತೆ ಒಂದು ಸಣ್ಣ ಬಸವನಹುಳುವೂ ಸಂಸಾರ ಹೂಡಿತ್ತು. ಉಜ್ಜಿ, ತೊಳೆದು, ಒಣಬಟ್ಟೆಯಿಂದ ಒರೆಸಿದೆವು. ಹೊರಗೆ ಪಳಪಳ. ಒಳಗೆ ಮಾತ್ರ ಮಂಜು ಮುಸುಕಿದ ಹಾಗೆಯೇ ಇತ್ತು. ತೇವ ಗಾಜಿನ ಆಚೆ ಬದಿಯಲ್ಲಿ, ನಮ್ಮ ಬ್ರಶ್ಶು ಈಚೆ ಬದಿಯಲ್ಲಿ. ಎಷ್ಟು ಉಜ್ಜಿದರೇನು.

ಅಂಕೋಲೆಯ ಗ್ಯಾರೇಜಿನವನು ನೋಡಿ, ಹೊಸ ದೀಪ ಹುಬ್ಬಳ್ಳಿಯಿಂದ ತರಿಸಬೇಕು, ಬರುವುದು ಚೌತಿ ಕಳೆದ ಮೇಲೆಯೇ ಎಂದ. ಸರಿ, ಅಲ್ಲಿಯವರೆಗೆ ಹೇಗೋ ನಡೆಯುತ್ತದೆ ಎಂದು ಸೊಸೆ ಮಂಕು ದೀಪದಲ್ಲೇ ಓಡಿಸಿದಳು. ಹೇಗೆ ನಡೆಯಿತು ಎಂದು ಒಂದು ರಾತ್ರಿ ಗೊತ್ತಾಯಿತು.

ಜೋರು ಮಳೆ. ಅವಳಿಗೆ ರಸ್ತೆ ಕಾಣಲಿಲ್ಲ. ಮುಂದೆ ಒಂದು ಟೆಂಪೋ ಹೋಗುತ್ತಿತ್ತು, ಅದರ ಹಿಂದಿನ ಕೆಂಪು ದೀಪ ಕಾಣುತ್ತಿತ್ತು. ಅದನ್ನೇ ನೋಡುತ್ತ ಬಂದಳು. ಅದು ನಿಧಾನ ಮಾಡಿದರೆ ಇವಳೂ ನಿಧಾನ, ಅದು ತಿರುಗಿದರೆ ಇವಳೂ ತಿರುಗುವುದು. ಅಮದಳ್ಳಿಯಲ್ಲಿ ಟೆಂಪೋ ತಿರುಗಿತು, ಇವಳೂ ತಿರುಗಿದಳು. ಟೆಂಪೋ ನಿಂತಿತು, ಇವಳೂ ನಿಂತಳು. ನೋಡಿದರೆ ಯಾರದೋ ಮನೆಯ ಅಂಗಳ! ಮುಂದೆ ತುಳಸಿಕಟ್ಟೆ. ಟೆಂಪೋದವನು ಇಳಿದು, "ಯಾರ್ ಬೇಕಾಗಿತ್ತು?" ಎಂದು ಕೇಳಿದನಂತೆ. ಅವನ ಹೆಂಡತಿ ಒಳಗೆ ಕರೆದು ಚಹಾ ಕೊಟ್ಟಳಂತೆ. ಇವಳು ಕುಡಿದು ಬಂದಳು. ಬಂದು ನಗುತ್ತ ನಗುತ್ತ ನನಗೆ ಹೇಳಿದಳು. ನಾನೂ ನಕ್ಕೆ. ನನ್ನ ಮಗ ನಗಲಿಲ್ಲ.

ಮಗ ಅಂಕೋಲೆಯಲ್ಲಿ ಒಂದು ಕಚೇರಿಯ ಗುಮಾಸ್ತ. ಕೆಟ್ಟವನಲ್ಲ, ಹೆದರುಪುಕ್ಕಲ. ಚಿಕ್ಕವನಿದ್ದಾಗ ಏಡಿ ಹಿಡಿಯಲೂ ಕಡ್ಡಿ ಬೇಕಿತ್ತು ಅವನಿಗೆ.

"ಇವತ್ತು ತುಳಸಿಕಟ್ಟೆ. ನಾಳೆ ಲಾರಿ ಹಿಂದೆ ಹೋಗಿ ಯಾವ್ದಾದ್ರೂ ಹೊಳೆಗೆ ಇಳೀತಾಳೆ" ಎಂದ. "ಸಾಕು. ಅಂಕೋಲೆಯಲ್ಲಿ ಒಬ್ರು ಕಾರು ಕೇಳ್ತಿದ್ರು. ಚೌತಿಗೆ ಮುಂಚೆ ಕೊಟ್ಟುಬಿಡ್ತೆ."

"ಕಾರು ನಂದು" ಎಂದಳು ಸೊಸೆ.

"ಕಾರು ನಿಂದೇ. ಹೆಂಡ್ತಿ ನನ್ನವ್ಳು ಅಲ್ವಾ?"

ಅದಕ್ಕೆ ಉತ್ತರ ನನ್ನಲ್ಲಿ ಇತ್ತು, ಆದರೆ ಮಕ್ಕಳು ಎದುರಿಗಿದ್ದವು. ಕೊನೆಗೆ ಅವಳು, "ಚೌತಿಯ ಒಳಗೆ ದೀಪ ಸರಿ ಮಾಡ್ತೆ. ಆಗ್ಲಿಲ್ಲ ಅಂದ್ರೆ ಕೊಡಿ. ನಾನೂ ರಾಜೀನಾಮೆ ಬರೆದು ಕೊಡ್ತೆ" ಎಂದು ಹೇಳಿ ಒಳಗೆ ಹೋದಳು. ಆ ರಾತ್ರಿ ಅವಳು ಬಡಿಸಿದ ಅನ್ನದ ಸೌಟಿನ ಸದ್ದು ಕೇಳಿಯೇ ಮಗ ಎರಡನೇ ಸಲ ಸಾರು ಕೇಳಲಿಲ್ಲ.

ಅವಳ ಮಧ್ಯಾಹ್ನದ ಪಾಳಿ, ನನ್ನ ಮೀನುಪೇಟೆ, ಎರಡೂ ಆ ಎರಡು ಗಾಜಿನ ಬಟ್ಟಲುಗಳಲ್ಲಿ ಮುಳುಗುತ್ತಿದ್ದವು. ನನಗೆ ನೆನಪಾದದ್ದು ನನ್ನ ತಮ್ಮ.

ನನ್ನ ತವರು ಕೇಣಿ. ತಮ್ಮ ಅಲ್ಲಿ ದೋಣಿ ರಿಪೇರಿ ಮಾಡುವವನು. ಹಲಗೆಗಳ ಸಂದಿಗೆ ಹತ್ತಿ ತುಂಬಿ, ರಾಳವನ್ನು ಎಣ್ಣೆಯಲ್ಲಿ ಕಾಸಿ ಬಳಿದನೆಂದರೆ ಸಮುದ್ರಕ್ಕೆ ಒಳಗೆ ಬರಲು ದಾರಿಯೇ ಸಿಗುವುದಿಲ್ಲ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಹತ್ತಿ ಕೂತಿರುತ್ತವೆ, ಅವನೂ ದಡ ಹತ್ತಿ ಕೂತಿರುತ್ತಾನೆ. ಹೇಳಿ ಕಳಿಸಿದೆ. ಕಬ್ಬಿಣದ ಡಬ್ಬಿ, ಹತ್ತಿಯ ಉಂಡೆ, ಉಳಿ, ಎಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಬಂದ. ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ದೀಪವನ್ನು ವೈದ್ಯರ ಹಾಗೆ ಬೆರಳಿನಿಂದ ಬಡಿದು ನೋಡಿದ.

"ಅಕ್ಕಾ, ಇದೇನ್ ದೊಡ್ಡ ಕೆಲ್ಸ ಅಲ್ಲ. ನೀರು ಒಳಗೆ ಬತ್ತದೆ ಅಂದ್ರೆ ದಾರಿ ಇದೆ. ದಾರಿ ಮುಚ್ಚಿದ್ರೆ ಆಯ್ತು."

ಗಾಜು ದೀಪದ ಗೂಡಿಗೆ ಕೂಡುವ ಸುತ್ತಲಿನ ಸಂದಿಗೆ ಹತ್ತಿ ಒತ್ತಿದ. ರಾಳ ಕಾಸಿ ಬಳಿದ. ಮನೆಯೆಲ್ಲ ದೋಣಿಯ ವಾಸನೆ. ಆಮೇಲೆ ದೀಪದ ಅಡಿಗೆ ಕೈ ಹಾಕಿ ತಡಕಾಡಿದವನು, "ಹಾಂ! ಸಿಕ್ಕಿದ ಕಳ್ಳ!" ಎಂದು ಕೂಗಿದ. ಕೆಳಗಡೆ ಬೆಂಕಿಕಡ್ಡಿ ತೂರುವಷ್ಟು ಒಂದು ತೂತು. ಮಣ್ಣು, ಬೂಷ್ಟು ತುಂಬಿ ಮುಚ್ಚಿಹೋಗಿತ್ತು. ಅದನ್ನು ಕೆರೆದು ತೆಗೆದು, ಚೊಕ್ಕ ಮಾಡಿ, ಹತ್ತಿ ತುರುಕಿ, ಮೇಲೆ ಎರಡು ಪಟ್ಟು ರಾಳ ಹಾಕಿದ. ಇನ್ನೊಂದು ದೀಪದ ತೂತಿಗೂ ಅದೇ ಗತಿ.

"ಮಾವ, ಆ ತೂತು ಕಾರು ಮಾಡ್ದವ್ರೇ ಇಟ್ಟದ್ದು ಇರ್ಬಹುದಲ್ಲ?" ಎಂದಳು ಸೊಸೆ.

"ತೂತು ಯಾರಾದ್ರೂ ಬೇಕಂತ ಇಡ್ತಾರ್ಯೇ ತಂಗಿ? ಮುಚ್ಚೂಕೆ ಮರ್ತಿರ್ತಾರೆ. ನಾ ಮುಚ್ಚಿದ ದೋಣಿ ಒಳಗೆ ಇದುವರೆಗೆ ಒಂದು ಹನಿ ನೀರು ಬಂದದ್ದಿಲ್ಲ, ಕೇಣಿಯಲ್ಲಿ ಯಾರನ್ನಾದ್ರೂ ಕೇಳು."

ಅವನು ಹೇಳಿದ್ದು ನಿಜ. ಹೊರಗಿನಿಂದ ಒಂದು ಹನಿ ಒಳಗೆ ಬರಲಿಲ್ಲ. ಒಳಗಿದ್ದದ್ದು ಒಂದು ಹನಿ ಹೊರಗೆ ಹೋಗಲಿಲ್ಲ. ಮರುದಿನ ಸೊಸೆ ದೀಪ ಹಚ್ಚಿದಳು. ಬಲ್ಬಿನ ಬಿಸಿಗೆ ಒಳಗಿನ ತೇವ ಹಬೆಯಾಗಿ, ಹಬೆ ಹನಿಯಾಗಿ, ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಗಾಜಿನ ತುಂಬ ನೀರು. ಕೆಲವೇ ದಿನಗಳಲ್ಲಿ ಬುಡದಲ್ಲಿ ನೀರು ನಿಂತು, ಅದರ ಅಂಚಿಗೆ ಹಸಿರು ಪಾಚಿ ಕಟ್ಟಿತು. ಮೊಮ್ಮಗಳು ಅದರೊಳಗೆ ಮೀನು ಬಿಡೋಣವೇ ಎಂದು ಕೇಳಿದಳು. ಮಗ ಒಮ್ಮೆ ಬಗ್ಗಿ ನೋಡಿ, ಕಾರು ಕೇಳಿದ್ದ ಅಂಕೋಲೆಯವನಿಗೆ ಫೋನು ಹಚ್ಚಿದ. ಆ ಕಡೆಯವನು ಚೌತಿಯ ಹಿಂದಿನ ವಾರ ಬಂದು ಕಾರು ನೋಡುತ್ತೇನೆ ಎಂದನಂತೆ.

ನಾನೂ ಫೋನು ಹಚ್ಚಿದೆ, ತಮ್ಮನಿಗೆ.

"ಏನೋ, ಕಾರಿಗೆ ಬಾವಿ ತೋಡಿಕೊಟ್ಟು ಹೋಗಿದ್ಯಲ್ಲ ಮಾರಾಯಾ!"

"ನನ್ ಕೆಲ್ಸದಲ್ಲಿ ತಪ್ಪಿಲ್ಲ. ನಿಮ್ ಕಾರೇ ಬೆವರ್ತದೆ" ಎಂದು ಸಿಟ್ಟಿನಲ್ಲಿ ಇಟ್ಟುಬಿಟ್ಟ. ಮತ್ತೆ ಎತ್ತಲಿಲ್ಲ.

ಕೆಳಗಿನ ತೂತು ತೆರೆದು ನೀರು ಬಿಡೋಣ ಎಂದರೆ ಆ ರಾಳ ಕಲ್ಲಾಗಿತ್ತು. ಸೊಸೆ ಸ್ಕ್ರೂಡ್ರೈವರ್ ಹಾಕಿದಳು, ನಾನು ಹೇರ್‌ಪಿನ್ ಹಾಕಿದೆ, ಹೇರ್‌ಪಿನ್ ಮುರಿಯಿತು. ಹೆಚ್ಚು ಬಡಿದರೆ ಗಾಜು ಒಡೆಯುತ್ತದೆ. ಬಳಿದವನೇ ಬಂದು ಬಿಡಿಸಬೇಕು. ಅವಳ ರಜೆಯ ದಿನ ಇಬ್ಬರೂ ಬಸ್ಸು ಹತ್ತಿ ಕೇಣಿಗೆ ಹೋದೆವು. ದಾರಿಯುದ್ದಕ್ಕೂ ನಾನು ಅವನಿಗೆ ಬೈಯಬೇಕಾದ್ದನ್ನು ಸಾಲಾಗಿ ಜೋಡಿಸಿಕೊಂಡೆ.

ಅವನು ಮನೆಯಲ್ಲಿರಲಿಲ್ಲ. ದಂಡೆಯಲ್ಲಿ, ತೆಂಗಿನ ಮಡಲಿನ ಚಪ್ಪರದ ಕೆಳಗೆ, ತನ್ನ ಸ್ವಂತ ದೋಣಿಗೆ ಒರಗಿ ಬೀಡಿ ಸೇದುತ್ತಿದ್ದ. ನಮ್ಮನ್ನು ನೋಡಿ ಮುಖ ಸಮುದ್ರದ ಕಡೆ ತಿರುಗಿಸಿದ. ನಾನು ಬಾಯಿ ತೆಗೆಯುವ ಮೊದಲೇ ಸೊಸೆ ದೋಣಿಯ ಬುಡ ನೋಡುತ್ತ ನಿಂತಳು. ಹಿಂಬದಿಯ ಕೆಳಗಿನ ಒಂದು ತೂತಿನಿಂದ ಸಣ್ಣಗೆ ನೀರು ಸೋರಿ ಮರಳಿನಲ್ಲಿ ಗೆರೆ ಎಳೆದಿತ್ತು.

"ಮಾವ, ನಿಮ್ ದೋಣಿ ಸೋರ್ತಾ ಇದೆ."

ಅವನಿಗೆ ಮೈಮೇಲೆ ಕೆಂಡ ಬಿದ್ದಂತಾಯಿತು. "ಸೋರೂದಲ್ಲ ಅದು! ಬೂಚು ತೆಗ್ದಿಟ್ಟದ್ದು. ದೋಣಿ ದಡದಲ್ಲಿ ಇದ್ದಾಗ ಬೂಚು ತೆಗೀಬೇಕು. ಗಾಳಿಗೆ ಮಳೆ ಹೊಡ್ದು ಒಳಗೆ ನೀರು ಬಿದ್ದೇ ಬೀಳ್ತದೆ. ಅದು ಹೋಗೂಕೆ ದಾರಿ ಬೇಡ್ವಾ? ದಾರಿ ಇಲ್ದಿದ್ರೆ ನೀರು ನಿಂತು, ಪಾಚಿ ಕಟ್ಟಿ, ಹಲ್ಗೆ ಎಲ್ಲ ಕೊಳ್ತು..."

ಮಾತು ಅಲ್ಲೇ ನಿಂತಿತು. ಬೀಡಿ ಬೆರಳಿನಲ್ಲೇ ಉರಿಯಿತು. ಅವನು ಒಮ್ಮೆ ದೋಣಿಯ ತೂತು ನೋಡಿದ, ಒಮ್ಮೆ ಸೊಸೆಯ ಮುಖ ನೋಡಿದ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ದಂಡಕ್ಕೆ ಹೋಯಿತು. ಇನ್ನು ಯಾವುದೂ ಬೇಕಾಗಿರಲಿಲ್ಲ.

"ಅಕ್ಕಾ," ಎಂದ ಬೀಡಿಯನ್ನು ಮರಳಿಗೆ ಚುಚ್ಚಿ, "ಕಾರು ರಸ್ತೆ ಮೇಲೆ ಇರೂದು ಅಂದ್ರೆ ದಡದಲ್ಲಿ ಇದ್ದ ಹಾಗೇ ಅಲ್ವಾ?"

"ಮತ್ತೆಂತ, ನೀ ಅದ್ನ ಬಲೆ ಹಾಕೂಕೆ ಕಳಿಸ್ಬೇಕು ಅಂತ ಇದ್ಯಾ?"

ಆಮೇಲೆ ಅವನು ನಕ್ಕ ನಗೆಗೆ ಚಪ್ಪರದ ಮೇಲಿದ್ದ ಕಾಗೆ ಹಾರಿಹೋಯಿತು. ಗೋಣಿಚೀಲ ಹೆಗಲಿಗೇರಿಸಿ ನಮ್ಮ ಜೊತೆಯೇ ಬಸ್ಸು ಹತ್ತಿದ.

ಉಳಿಯನ್ನು ಬಿಸಿ ಮಾಡಿ ಎರಡೂ ದೀಪದ ಕೆಳಗಿನ ತೂತುಗಳ ರಾಳವನ್ನಷ್ಟೇ ಮೆಲ್ಲಗೆ ಬಿಡಿಸಿದ. ಹತ್ತಿಯ ಬತ್ತಿ ಎಳೆದದ್ದೇ ತಡ, ದೀಪ ತನ್ನ ಒಳಗಿನ ದುಃಖವನ್ನೆಲ್ಲ ಅವನ ಪಾದದ ಮೇಲೆ ಸುರಿಯಿತು. ಸುತ್ತಲಿನ ಸಂದಿಯ ರಾಳ ಹಾಗೇ ಇರಲಿ ಎಂದಳು ಸೊಸೆ. ಅದು ಹೊರಗಿನ ಮಳೆಗೆ ಬೇಕಿತ್ತು. ಹಾಗಾಗಿ ಅವನ ಕೆಲಸ ಅರ್ಧ ಸರಿ ಎಂದಾಯಿತು. ಅವನು ಇವತ್ತಿಗೂ ಮುಕ್ಕಾಲು ಎನ್ನುತ್ತಾನೆ.

ನೀರು ಹೋದರೂ ಒಳಗಿನ ಪಾಚಿ, ತೇವ ಹೋಗಬೇಕಲ್ಲ. ಸೊಸೆ ಎರಡೂ ದೀಪಗಳನ್ನು ಪೂರ್ತಿ ಬಿಚ್ಚಿ, ಬಲ್ಬು ತೆಗೆದಳು. ಕಡ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ, ಬಲ್ಬಿನ ತೂತಿನಿಂದ ಒಳಗೆ ಹಾಕಿ ಗಾಜನ್ನು ಒರೆಸಿದಳು. ಆಸ್ಪತ್ರೆಯಲ್ಲಿ ಮಕ್ಕಳ ಕಿವಿ ಒರೆಸುವ ಕೈ ಅದು. ನಾನು ಎಣ್ಣೆಬಾಟಲಿ ತೊಳೆಯುವ ಹಾಗೆ ಒಳಗೆ ಒಂದು ಮುಷ್ಟಿ ಅಕ್ಕಿ ಹಾಕಿ ಕುಲುಕೋಣ ಎಂದೆ. ಹಿಂದಿನ ಬೆಳ್ಳಿಬಣ್ಣ ಕಿತ್ತುಬರುತ್ತದೆ, ಆಮೇಲೆ ಬೆಳಕೇ ಮುಂದೆ ಹೋಗುವುದಿಲ್ಲ ಎಂದಳು. ಅಕ್ಕಿಯನ್ನು ಡಬ್ಬಿಗೇ ವಾಪಸು ಹಾಕಿದೆ. ಆದರೆ ಒಣಗಿಸುವುದು ಎಲ್ಲಿ? ಹೊರಗೆ ಬಿಸಿಲು ಎಂಬುದನ್ನು ನೋಡಿ ಎಷ್ಟೋ ದಿನವಾಗಿತ್ತು. ಅದಕ್ಕೆ ಉತ್ತರ ನನ್ನ ಅಡುಗೆಮನೆಯಲ್ಲಿತ್ತು.

ನಮ್ಮ ಮನೆಯಲ್ಲಿ ಗ್ಯಾಸು ಬಂದಿದ್ದರೂ ಕಟ್ಟಿಗೆಯ ಒಲೆಯನ್ನು ನಾನು ಆರಿಸಿರಲಿಲ್ಲ. ಒಲೆಯ ಮೇಲೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದು ಬಿದಿರಿನ ತಟ್ಟಿ ತೂಗುತ್ತದೆ. ಮಳೆಗಾಲಕ್ಕೆಂದು ಕೂಡಿಟ್ಟ ಒಣ ಸಿಗಡಿ, ನಮ್ಮ ಕಡೆ ಶೆಟ್ಲಿ ಎನ್ನುವುದು, ಮತ್ತೆ ಬಾಂಗಡೆ ಮೀನು, ಸಾರಿನ ಹುಳಿಗೆ ಮುರುಗಲ ಸಿಪ್ಪೆ ಎಲ್ಲ ಅಲ್ಲೇ ಬೆಚ್ಚಗೆ ಇರುತ್ತವೆ. ಅಲ್ಲಿಟ್ಟ ವಸ್ತುವಿಗೆ ಬೂಷ್ಟು ಹಿಡಿದದ್ದು ನಾನು ಕಂಡಿಲ್ಲ. ಎರಡು ದೀಪಗಳನ್ನು ಹಳೆಯ ಪಂಚೆಯಲ್ಲಿ ಸಡಿಲವಾಗಿ ಸುತ್ತಿ ಶೆಟ್ಲಿಯ ಬುಟ್ಟಿಗಳ ನಡುವೆ ಇಟ್ಟೆ.

ಆ ವಾರವಿಡೀ ಕಾರು ಅಂಗಳದಲ್ಲಿ ಕಣ್ಣು ಕಿತ್ತ ಹಾಗೆ ನಿಂತಿತ್ತು. ಸೊಸೆ ಬಸ್ಸಿಗೆ ಹೋದಳು. ಪಕ್ಕದ ಮನೆಯವಳು ಬಂದು ಒಲೆಯ ಮೇಲೆ ನೋಡಿ, "ಅದೆಂತದ್ದು ಅಕ್ಕಾ, ಅಷ್ಟು ದೊಡ್ಡ ಮೀನು?" ಎಂದಳು. "ಹುಬ್ಬಳ್ಳಿ ಕಡೆಯದು, ನಿಂಗೆ ಗೊತ್ತಾಗೂದಿಲ್ಲ" ಎಂದೆ.

ದೀಪಗಳನ್ನು ಇಳಿಸಿದಾಗ ಒಳಗೆ ಒಂದು ಚುಕ್ಕಿ ತೇವವಿರಲಿಲ್ಲ. ಸೊಸೆ ಕೂರಿಸಿದಳು. ಬಲ್ಬಿನ ಹಿಂದೆ ನೀರು ತಡೆಯುವ ಹರಿದ ರಬ್ಬರು ಟೋಪಿ ಬದಲಿಸಿದಳು. ಕಾರು ನೋಡಲು ಅಂಕೋಲೆಯವನು ಬರುವುದು ಮರುದಿನ. ಅವತ್ತು ಮಗ ಹಬ್ಬದ ಸಾಮಾನು ತರಲು ಕಾರವಾರಕ್ಕೆ ಹೊರಟಿದ್ದ, ನಾನೂ ಹೊರಟೆ.

"ಬರ್ತಾ ನನ್ ಕಾರಲ್ಲೇ ಬನ್ನಿ" ಎಂದಳು ಸೊಸೆ ಗಂಡನಿಗೆ. "ರಸ್ತೆ ಕಾಣ್ತದೋ ಇಲ್ವೋ ನೀವೇ ಹೇಳಿ. ಕಾಣ್ಲಿಲ್ಲ ಅಂದ್ರೆ ನಾಳೆ ಕೀಲಿ ನಾನೇ ಅವ್ರ ಕೈಗೆ ಕೊಡ್ತೆ."

ಪಾಳಿ ಮುಗಿಸಿ ಅವಳು ಬರುವಷ್ಟರಲ್ಲಿ ಕತ್ತಲಾಗಿತ್ತು, ಮಳೆಯೂ ಇತ್ತು. ಮಗ ಮುಂದೆ ಕೂತ. ನಾನು ಹಿಂದೆ, ಎರಡು ತೆಂಗಿನಕಾಯಿ ಚೀಲ, ಹಣ್ಣಿನ ಬುಟ್ಟಿ, ಒಂದು ಹೊಸ ಚಾಪೆಯ ನಡುವೆ. ದೀಪ ಹಚ್ಚಿದಳು. ಬೆಳಕು ಎರಡು ಬಿಳಿ ದಾರಿಗಳ ಹಾಗೆ ಮಳೆಯೊಳಗೆ ಹೋಯಿತು. ಬಿಣಗಾ ಘಾಟಿನ ತಿರುವುಗಳಲ್ಲಿ ಮಗ ಕಾಲ ಕೆಳಗೆ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದ.

ಘಾಟ ಇಳಿದ ಮೇಲೆ, ದೂರದಲ್ಲಿ, ರಸ್ತೆಯ ನಟ್ಟನಡುವೆ ಒಂದು ಕರಿ ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. ಕರಿ ರಸ್ತೆ, ಕರಿ ಮಳೆ, ಕರಿ ಎಮ್ಮೆ. ಸೊಸೆ ಅಲ್ಲಿಂದಲೇ ನಿಧಾನ ಮಾಡಿ, ಪಕ್ಕದಿಂದ ತೆಗೆದುಕೊಂಡು ಹೋದಳು. ಎಮ್ಮೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಮಗ ತುಳಿಯುತ್ತಿದ್ದ ಕಾಲನ್ನು ಹಿಂದೆ ತೆಗೆದ.

ಸ್ವಲ್ಪ ಹೊತ್ತಿನಲ್ಲಿ ಅವನ ಮೂಗು ಮೇಲೆದ್ದಿತು.

"ಆಯಿ, ಕಾರಲ್ಲಿ ಶೆಟ್ಲಿ ವಾಸ್ನೆ ಬತ್ತದಲ್ಲ. ಮೀನು ತಂದ್ಯಾ?"

ತಂದಿರಲಿಲ್ಲ. ದೀಪಗಳು ಬಿಸಿಯಾಗಿದ್ದವು, ಅಷ್ಟೇ. ಒಂದು ವಾರ ಶೆಟ್ಲಿಯ ಜೊತೆ ಮಲಗಿದ್ದ ದೀಪಗಳು ಬೇರೆ ಯಾವ ವಾಸನೆ ಬಿಡಬೇಕು?

"ನಿನ್ ಮೂಗು ಚಲೋ ಇದೆ, ಗೊತ್ತಾಯ್ತು" ಎಂದೆ. "ಕಣ್ಣಿಗೆ ರಸ್ತೆ ಕಾಣ್ತದಾ ಹೇಳು."

ಮುಂದೆ ಒಂದು ಟೆಂಪೋ ಹೋಗುತ್ತಿತ್ತು. ಅಮದಳ್ಳಿ ಬಂತು. ಟೆಂಪೋ ಸಿಗ್ನಲ್ ಹಾಕಿ ಎಡಕ್ಕೆ, ತುಳಸಿಕಟ್ಟೆಯ ಕಡೆ ತಿರುಗಿತು. ಸೊಸೆ ಒಂದು ಸಲ ಹಾರ್ನ್ ಹೊಡೆದು, ನೆಟ್ಟಗೆ ಮುಂದೆ ಹೋದಳು.

"ಕಾಣ್ತದೆ" ಎಂದ ಮಗ. ಮತ್ತೆ, ಅದೊಂದು ಹೇಳಿದರೆ ಸಾಲದು ಎಂದೋ ಏನೋ, "ಚಹಾ ತಪ್ಪಿತು" ಎಂದ. ಸೊಸೆ ನಕ್ಕಳು. ಮಗನೂ ನಕ್ಕ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅಂಕೋಲೆಯವನಿಗೆ ಫೋನು ಮಾಡಿ, ಬರುವುದು ಬೇಡ, ಮನೆಯಲ್ಲಿ ಒಪ್ಪುತ್ತಿಲ್ಲ ಎಂದ. ಯಾರು ಒಪ್ಪುತ್ತಿಲ್ಲ ಎಂದು ಹೇಳಲಿಲ್ಲ. ಮಕ್ಕಳು ಎಚ್ಚರವಿದ್ದವು, ಹಣ್ಣಿನ ಬುಟ್ಟಿಗೆ ಮುಗಿಬಿದ್ದವು.

ಇದರಿಂದ ತೊಂದರೆ ಆದದ್ದು ಒಂದೇ. ಬೆಳಿಗ್ಗೆ ಎದ್ದರೆ ಕೇರಿಯ ಬೆಕ್ಕುಗಳೆಲ್ಲ ಕಾರಿನ ಮುಂದೆ ಹಾಜರು. ಒಂದು ಬಾನೆಟ್ಟಿನ ಮೇಲಿನಿಂದ ಬಗ್ಗಿ ದೀಪ ಮೂಸಿದರೆ, ಇನ್ನೊಂದು ಹಿಂಗಾಲಿನ ಮೇಲೆ ನಿಂತು ಗಾಜು ನೆಕ್ಕುವುದು. ಆ ಮಳೆಗಾಲ ಮುಗಿಯುವವರೆಗೂ ಗಾಜಿನ ಮೇಲಿನ ಬೆಕ್ಕಿನ ಹೆಜ್ಜೆ ಒರೆಸುವ ಕೆಲಸ ಕಾರು ಮಾರಲು ಹೊರಟಿದ್ದ ಮಗನದೇ ಆಯಿತು. ಒರೆಸುವಾಗ ಅವನು ಬೆಕ್ಕುಗಳಿಗೆ ಬೈಯುವುದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟುತ್ತಿದ್ದೆ.

ತಮ್ಮ ಮಾತ್ರ ಕೇಣಿಯಲ್ಲಿ ತಾನು ಈಗ ಕಾರುಗಳನ್ನೂ ನೋಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಯಾವಾಗ ನಮ್ಮ ಮನೆಗೆ ಬಂದರೂ ಮೊದಲು ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೆಂಕಿಕಡ್ಡಿಯಿಂದ ಎರಡೂ ತೂತುಗಳನ್ನು ತಿವಿದು ನೋಡುತ್ತಿದ್ದ. ಅದಾದ ಮೇಲೆಯೇ ಒಳಗೆ ಬಂದು, "ಅಕ್ಕಾ, ಆರಾಮಿದ್ಯಾ?" ಎಂದು ಕೇಳುವುದು.